ಅಂಕಿ ಒಲ್ಲದ ಭುಜಪಟ್ಟಿ

ದೆವ್ವ, ಗಾಳಿ, ಸೋಕು ಎಂದು ಯಾರಾದರೂ ಶುರು ಮಾಡಿದರೆ ಎದ್ದು ಚಹಾ ಮಾಡಲು ಹೋಗುವವಳು ನಾನು. ಇಂಥ ಕಥೆ ಹೇಳುವವರಿಗೆ ಹೊಟ್ಟೆ ಕೆಟ್ಟಿರಬೇಕು, ಇಲ್ಲವೇ ನಿದ್ದೆ ಕೆಟ್ಟಿರಬೇಕು ಎಂದು ಮುಖಕ್ಕೇ ಹೇಳಿದ್ದೂ ಉಂಟು. ಈಗ ನಾನೇ ಹೇಳಲು ಕೂತಿದ್ದೇನೆ. ನಗುವವರು ನಗಲಿ. ಇಂಥದ್ದಕ್ಕೆ ಸರಿರಾತ್ರಿಯೇ ಆಗಬೇಕಂತೆ. ನನ್ನದು ನಡೆದದ್ದು ಹಾಡುಹಗಲಿನಲ್ಲಿ, ಈ ಪರದೇಶದ ಹ್ಯಾರಿಸನ್ ಎಂಬ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಕೆಲವು ವರ್ಷಗಳ ಹಿಂದೆ.

ನಾನು ಹಳೆಯ ಜರ್ಮನ್ ಸೈನಿಕರ ಸಮವಸ್ತ್ರದ ಗುರುತುಗಳನ್ನು ಕೂಡಿಸುತ್ತೇನೆ. ಭುಜಪಟ್ಟಿ, ಕಾಲರಿನ ಪಟ್ಟಿ, ಟೋಪಿಯ ಬಿಲ್ಲೆ. ಜರ್ಮನ್ ಎಂದ ಕೂಡಲೇ ಜನ ಹುಬ್ಬೇರಿಸುತ್ತಾರೆ. ನನ್ನವು ಮೊದಲ ಮಹಾಯುದ್ಧದವು. ಹಿಟ್ಲರನ ಕಾಲದ ಒಂದು ಚೂರು ಬಟ್ಟೆಯೂ ನನ್ನ ಹೊಸ್ತಿಲು ದಾಟಿಲ್ಲ. ಆದರೂ ಗೆಳತಿಯರು ಸತ್ತವರ ಮೈಮೇಲಿನದನ್ನು ಮನೆಯಲ್ಲಿ ಇಡಬಾರದು ಎಂದು ಬುದ್ಧಿ ಹೇಳುತ್ತಾರೆ. ಹೇಳಿಕೊಳ್ಳಲಿ. ಧಾರವಾಡದಲ್ಲಿ ಅಮ್ಮನ ಪಕ್ಕ ಕೂತು ಕಸೂತಿ ಕಲಿತವಳು ನಾನು. ಹೊಲಿಗೆ ಹಾಕಿದ ಬಟ್ಟೆ ಕೈಗೆ ಬಂದರೆ ಮೊದಲು ತಿರುಗಿಸಿ ಹಿಂಬದಿ ನೋಡುತ್ತೇನೆ. ಅಸಲಿಯೋ ನಕಲಿಯೋ ಎಂಬುದನ್ನು ಹಿಂಬದಿಯೇ ಹೇಳಿಬಿಡುತ್ತದೆ.

ಆ ಭುಜಪಟ್ಟಿ ಸಿಕ್ಕಿದ್ದು ಹಳೆಯ ಸಾಮಾನು ಮಾರುವ ಇಲ್ಲಿನ ಒಂದು ಫ್ಲೀ ಮಾರ್ಕೆಟ್‌ನಲ್ಲಿ. ಬೂದು ಬಣ್ಣದ ಉಣ್ಣೆಬಟ್ಟೆ. ಅದರ ಮೇಲೆ ರೆಜಿಮೆಂಟಿನ ನಂಬರನ್ನು ಕೆಂಪು ದಾರದ ಸರಪಳಿ ಹೊಲಿಗೆಯಲ್ಲಿ ಹಾಕಿರುತ್ತಾರೆ. ಇದರಲ್ಲಿ ದಾರವೆಲ್ಲ ಹೋಗಿ ಸೂಜಿಯ ತೂತುಗಳಷ್ಟೇ ಉಳಿದಿದ್ದವು. ಅದನ್ನು ಮೇಜಿನ ಮೇಲೆ ಬಿಟ್ಟು ಆಫೀಸಿಗೆ ಹೋಗಿದ್ದೆ. ಧಾರವಾಡದಿಂದ ಆಗಷ್ಟೇ ಬಂದಿದ್ದ ನನ್ನ ಅತ್ತೆ, ಸೊಸೆಗೊಂದು ಉಪಕಾರವಾಗಲೆಂದು, ಐಸೆಲಿನ್ ಊರಿನ ನಮ್ಮವರ ಅಂಗಡಿಯಲ್ಲಿ ಕೊಂಡ ಕೆಂಪು ರೇಷ್ಮೆ ದಾರದಿಂದ ಆ ತೂತುಗಳನ್ನೇ ಹಿಡಿದು ನಂಬರನ್ನು ಪೂರ್ತಿ ಹೊಲಿದುಬಿಟ್ಟಿದ್ದರು. ನಮ್ಮಂಥ ಸಂಗ್ರಹಕಾರರಿಗೆ ಇದಕ್ಕಿಂತ ದೊಡ್ಡ ಪಾಪವಿಲ್ಲ. ಆದರೆ ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಬಯ್ಯಲು ನನಗೆ ಬಾಯಿ ಬರಲಿಲ್ಲ. ಹಾಗೇ ಗಾಜಿನ ಚೌಕಟ್ಟಿಗೆ ಹಾಕಿ, ಹಿಂದೆ ಸ್ಕ್ರೂ ಬಿಗಿದು, ಹಾಲಿನ ಗೋಡೆಗೆ ತೂಗುಹಾಕಿದೆ.

ಮರುದಿನ ಬೆಳಿಗ್ಗೆ ನೋಡಿದರೆ ಕೆಂಪು ದಾರ ಪೂರ್ತಿ ಬಿಚ್ಚಿ ಗಾಜಿನ ಒಳಗೆ ತಳದಲ್ಲಿ ಬಿದ್ದಿತ್ತು. ನಾನು ನಕ್ಕೆ. ಕಸೂತಿಯ ಕೈ ಗಂಟು ಹಾಕುವುದಿಲ್ಲ. ಗಂಟಿಲ್ಲದ ಸರಪಳಿ ಹೊಲಿಗೆ ತುದಿ ಸಡಿಲಾದರೆ ತಾನೇ ಬಿಚ್ಚುತ್ತದೆ. ರೈಲು ಹೋದಾಗಲೆಲ್ಲ ನಮ್ಮ ಗೋಡೆ ಅದುರುತ್ತದೆ, ಅದಕ್ಕೇ ಹೀಗಾಗಿದೆ ಎಂದು ನನ್ನ ಗಂಡ ಶ್ರೀಧರ ಕೂಡ ಹೇಳಿದರು. ಮತ್ತೆ ನಾನೇ ಹೊಲಿದು ಎರಡೂ ತುದಿಗೆ ಗಟ್ಟಿ ಗಂಟು ಹಾಕಿದೆ. ಎರಡು ದಿನಕ್ಕೆ ಅದೂ ಬಿದ್ದಿತ್ತು. ಗಂಟುಗಳು ಮಾತ್ರ ದಾರದ ತುದಿಯಲ್ಲಿ ಹಾಗೇ ಇದ್ದವು. ದಪ್ಪ ಬಟ್ಟೆಯ ಹಿಂದಿದ್ದ ಗಂಟು ಬಟ್ಟೆ ಹರಿಯದೆ ಮುಂದೆ ಹೇಗೆ ಬಂತು ಎಂದು ಕೇಳಿದರೆ ಶ್ರೀಧರ ಫೋನ್ ನೋಡತೊಡಗಿದರು.

ಅಂದಿನಿಂದ ಅತ್ತೆ ಹಾಲಿನಲ್ಲಿ ಕೂರುವುದನ್ನೇ ಬಿಟ್ಟರು. ಪಟ್ಟಿ ಈ ಮನೆಯಲ್ಲಿದ್ದರೆ ತಾನು ಬೆಲ್‌ರೋಸ್‌ಗೆ, ಮಗಳ ಮನೆಗೆ ಹೋಗುವುದಾಗಿ ಹೇಳಿ ಸೂಟ್‌ಕೇಸ್ ತೆಗೆದಿಟ್ಟರು. ಯಾರಿಗಾದರೂ ಕೊಟ್ಟುಬಿಡು ಎಂದು ಶ್ರೀಧರ ಗಂಟುಬಿದ್ದರು. ಅತ್ತೆ ಎಂದರೆ ನನಗೆ ಪ್ರಾಣ. ಅಮ್ಮ ಹೋದ ಮೇಲೆ ಕೂತು ಮನಸ್ಸು ಬಿಚ್ಚಿ ಹರಟಲು ನನಗಿದ್ದವರು ಅವರೊಬ್ಬರೇ. ಅವರನ್ನು ಕಳಿಸಲು ಮನಸ್ಸಿರಲಿಲ್ಲ. ಆದರೆ ಒಂದೆಳೆ ದಾರಕ್ಕೆ ಹೆದರಿ ಸೋಲುವುದು ನನ್ನ ಜಾಯಮಾನವಲ್ಲ.

ಆ ಭಾನುವಾರ ಸಂಕ್ರಾಂತಿ. ಅಮ್ಮ ಸೆರಗಿಗೆ ಕಸೂತಿಯ ಗೋಪುರಗಳನ್ನು ಹಾಕಿಕೊಟ್ಟ ಇಳಕಲ್ ಸೀರೆ ಉಟ್ಟಿದ್ದೆ. ಊಟವಾದ ಮೇಲೆ ಮೂರನೆಯ ಸಲ ನಂಬರ್ ಹೊಲಿದು, ಗಂಟು ಹಾಕಿ, ಸ್ಕ್ರೂ ಬಿಗಿದು, ಚೌಕಟ್ಟನ್ನು ಮೇಜಿನ ಮೇಲೆ ನಿಲ್ಲಿಸಿ ಎದುರು ಕುರ್ಚಿ ಹಾಕಿಕೊಂಡು ಕೂತೆ. ನನ್ನ ಕಣ್ಣೆದುರಿಗೇ ಬಿಚ್ಚಲಿ ನೋಡೋಣ ಎಂದು ಗಟ್ಟಿಯಾಗಿಯೇ ಹೇಳಿದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ರೈಲುಗಳು ಬಂದವು, ಹೋದವು. ಗೋಡೆ ಅದುರಿತು. ಕೆಂಪು ಅಂಕಿ ಮಿಸುಕಾಡಲಿಲ್ಲ. ಬಿಸಿಲು ಸರಿಯುವವರೆಗೂ ನಾನು ಕಣ್ಣು ತೆಗೆಯಲಿಲ್ಲ. ಕೊನೆಗೆ ಗೆದ್ದವಳ ಹಾಗೆ ಅತ್ತೆಯ ಕಡೆ ತಿರುಗಿದೆ.

ಅತ್ತೆ ನನ್ನ ಮಡಿಲ ಕಡೆ ಕೈ ತೋರಿಸಿದರು. ಮಡಿಲಲ್ಲಿ ಒಂದೆಳೆ ಹಸಿರು ದಾರ ಬಿದ್ದಿತ್ತು. ಸೆರಗಿನ ಒಂದು ಗೋಪುರ ಇರಲಿಲ್ಲ. ಅದರ ಜಾಗದಲ್ಲಿ ಬರೀ ತೂತುಗಳಿದ್ದವು. ಕಸೂತಿಯಲ್ಲಿ ಸೂಜಿ ಹೋದ ದಾರಿಯಲ್ಲೇ ಮರಳಿ ಬರುತ್ತದೆ. ಎಳೆದರೆ ಸಿಕ್ಕಾಗುತ್ತದೆ, ಕಡಿಯುತ್ತದೆ, ಇಡಿಯಾಗಿ ಮಾತ್ರ ಬರುವುದಿಲ್ಲ. ಇದು ಇಡಿಯಾಗಿಯೇ ಬಂದಿತ್ತು. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

ಇಷ್ಟು ದಿನ ದೂರವಿದ್ದ ಅತ್ತೆ ಬಂದು ಪಕ್ಕದಲ್ಲಿ ಕೂತು ನನ್ನ ಬೆನ್ನು ಸವರಿದರು.

"ಆ ಸಿಪಾಯಿಗೆ ಆ ನಂಬರ್ ಬ್ಯಾಡಾಗೇದವಾ. ಒಮ್ಮೆ ಬಿಚ್ಚಿ ಒಗದಾನ. ನಾನೂ ತಿಳೀದ ಹೊಲದೆ. ನೀ ಯಾಕ ಅವನ್ನ ಮತ್ತ ಪಲ್ಟನ್ನಿಗೆ ಕಳಸ್ತಿ?"

ಆ ಸಂಜೆ ಕೆಂಪು ದಾರವನ್ನು ನಾನೇ ಬಿಚ್ಚಿದೆ. ಹೆದರಿ ಬಿಚ್ಚಿದೆನೆಂದು ಯಾರೂ ತಿಳಿಯಬೇಡಿ. ಅತ್ತೆಯ ಮಾತು ಮನಸ್ಸಿಗೆ ತಟ್ಟಿತು, ಅದಕ್ಕೆ ಬಿಚ್ಚಿದೆ. ಪಟ್ಟಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಬರೀ ತೂತುಗಳೊಂದಿಗೆ ಅದು ಇವತ್ತಿಗೂ ಅದೇ ಗೋಡೆಯ ಮೇಲಿದೆ. ಅತ್ತೆ ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳಿ, ಮಾರನೆಯ ದಿನದಿಂದ ಹಾಲಿನಲ್ಲೇ ಕೂತು ಅವರೆಕಾಯಿ ಸುಲಿದರು.

ಆ ಸೀರೆಯನ್ನೂ ಹಾಗೇ ಉಡುತ್ತೇನೆ, ಖಾಲಿ ಗೋಪುರದ ಜಾಗ ಕಾಣುವಂತೆಯೇ ಸೆರಗು ಹೊದೆಯುತ್ತೇನೆ. ಅಮ್ಮನ ದಾರ ಚೌಕಟ್ಟಿನ ಒಳಗೆ, ಪಟ್ಟಿಯ ಪಕ್ಕದಲ್ಲಿದೆ. ನಿನ್ನ ನಂಬರ್ ನಿನ್ನಿಷ್ಟ, ನನ್ನ ಅಮ್ಮನ ಗೋಪುರಕ್ಕೆ ಕೈ ಹಾಕಲು ನೀನ್ಯಾರು ಎಂದು ಅದರ ಮುಂದೆ ಹಾದುಹೋಗುವಾಗಲೆಲ್ಲ ಜಗಳಕ್ಕೆ ನಿಲ್ಲುತ್ತೇನೆ. ದೆವ್ವವನ್ನೇ ನಂಬದವಳು ಜಗಳ ಆಡುವುದು ಯಾರ ಜೊತೆ ಎಂದು ಶ್ರೀಧರ ಕೇಳುತ್ತಾರೆ. ನಾನು ಎದ್ದು ಚಹಾ ಮಾಡಲು ಹೋಗುತ್ತೇನೆ. ಜಗಳ ಮಾತ್ರ ನಿಲ್ಲಿಸಿಲ್ಲ.