ಗೂಬೆಯ ಊಟದ ವಿಚಾರಣೆ

ಮೊನ್ನೆ ಬಟ್ಟೆ ಒಗೆಯುವ ಯಂತ್ರದ ಜಾಲರಿಯಲ್ಲಿ ಒಂದು ಬೂದು ಉಂಡೆ ಸಿಕ್ಕಿತು. ಬರಿಯ ನೂಲು, ಕೂದಲು. ಬಿಸಾಡುವ ಬದಲು ಅದನ್ನು ಬಿಡಿಸಿ ಮೂಳೆ ಹುಡುಕಲು ಹೊರಟಿದ್ದೆ... ಈ ಚಾಳಿ ಹತ್ತಿಸಿದವರು ನಂದಿದುರ್ಗ ಚಿನ್ನದ ಗಣಿಯ ಕೆಲಸಗಾರರ ಮನೆಸಾಲಿನಲ್ಲಿ ನಮ್ಮ ಪಕ್ಕದ ಮನೆಯ ಮಾವ.

ಮಾವ ಪಾರಿವಾಳ ಸಾಕಿದ್ದರು. ಮರಿಯಿಂದ ಮುದಿಯವರೆಗೆ ಎಲ್ಲಕ್ಕೂ ಕಾಲಿಗೆ ತಾಮ್ರದ ತಂತಿಯ ಉಂಗುರ. ಅತ್ತೆಗೆ ಅಷ್ಟು ಒಡವೆ ಮಾಡಿಸಿರಲಿಲ್ಲ. ಒಂದು ವರ್ಷ ಮರಿಗಳು ಕಾಣೆಯಾಗತೊಡಗಿದವು. ನಿಂತುಹೋದ ಗಣಿಯ ಯಂತ್ರದ ಮನೆಯಲ್ಲಿ ಗೂಬೆಗಳು ಮರಿ ಮಾಡಿದ್ದವು. ಇನ್ನೇನು ಸಾಕ್ಷಿ ಬೇಕು? ಗೂಡಿಗೆ ಬೆಂಕಿ ಹಾಕಿ ಎಂದಿತು ಇಡೀ ಸಾಲು.

"ಇಚಾರಿಸ್ದೆ ಸಾಯ್ಸಕ್ಕಾಯ್ತದೇನ್ಲಾ? ಉಂಗ್ರ ಸಿಗ್ಲಿ, ನಾನೇ ಬೆಂಕಿ ಆಕ್ತೀನಿ" ಎಂದರು ಮಾವ.

ಗೂಬೆ ತಾನು ನುಂಗಿದ್ದರಲ್ಲಿ ಅರಗದ ಮೂಳೆ, ಕೂದಲನ್ನು ಉಂಡೆ ಮಾಡಿ ಕಾರುತ್ತದೆ. ಅಂಥವನ್ನು ಯಂತ್ರದ ಮನೆಯ ಗೋಡೆಯ ಬುಡದಿಂದ ಆರಿಸಿ, ಟವೆಲ್ಲಿನಲ್ಲಿ ಕಟ್ಟಿ ತಂದು, ಜಗಲಿಯ ಮೇಲೆ ಪೇಪರು ಹಾಸಿ, ನ್ಯಾಯಪೀಠ ಆಸೀನವಾಯಿತು. ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನಗೆ ಇಲ್ಲೂ ಅದೇ ಪದವಿ.

ಮೊದಲ ಉಂಡೆ ಬಿಡಿಸಿದಾಗ ಇಬ್ಬರೂ ಪೇಪರಿನ ಮೇಲೆ ಬಗ್ಗಿದೆವು. ಒಂದು ಇಡೀ ಇಲಿ, ಕಿತ್ತಳೆ ಬಣ್ಣದ ಹಲ್ಲಿನಿಂದ ಬಾಲದ ಕೊನೆಯ ಮಣಿಯವರೆಗೆ, ತನ್ನದೇ ತುಪ್ಪಳದಲ್ಲಿ ಸುತ್ತಿಕೊಂಡು ಮಲಗಿತ್ತು. ಇನ್ನೊಂದರಲ್ಲಿ ಸುಂಡಿಲಿಯ ಬುರುಡೆ. ಉಗುರಿನಷ್ಟು, ಒಂದು ಬಿರುಕಿಲ್ಲ. ಇಷ್ಟು ನಾಜೂಕಾಗಿ ಉಣ್ಣುವವರನ್ನು ನಾನು ಯಾವ ಮದುವೆಮನೆಯಲ್ಲೂ ಕಂಡಿಲ್ಲ.

"ಉಣ್ಣೋ ಒತ್ನಲ್ಲಿ ವಾಂತಿ ಕೆದಕ್ತಾ ಕೂತವ್ರೆ, ಥೂ!" ಎಂದರು ಅತ್ತೆ ಒಳಗಿಂದ.

ಇಲಿ, ಇಲಿ, ಕಪ್ಪೆ, ಮತ್ತೆ ಇಲಿ... ಕೊನೆಯ ಉಂಡೆಯಲ್ಲಿ ಉಂಗುರವಿತ್ತು.

ಮಾವ ಅದನ್ನು ಟವೆಲ್ಲಿನಲ್ಲಿ ಒರೆಸಿ ಅಂಗೈಯಲ್ಲಿಟ್ಟುಕೊಂಡರು. ಆಮೇಲೆ ಎದುರಿನ ಮೂಳೆಯ ರಾಶಿ ನೋಡಿದರು.

"ಬೆಂಕಿ ಹಾಕೋದಾ, ಮಾವ?"

"ಸುಮ್ಕಿರ್ಲಾ. ಇಷ್ಟು ಇಲಿ ತಿಂದು, ಬಾಯ್ ರುಚಿಗೆ ನಂದೊಂದು ತಿಂದೈತೆ. ಉಗಾದಿ ಮಾರ್ನೇ ದಿನ ವರ್ಸ್ತೊಡ್ಕಿಗೆ ನಾನೂ ಒಂದ್ನ ತಿಂದಿಲ್ವಾ?"

ತೀರ್ಪು ಅಷ್ಟೇ. ಅಂದೇ ರಾಬರ್ಟ್‌ಸನ್‌ಪೇಟೆಯಿಂದ ತಂತಿಬಲೆ ತಂದು ಪಾರಿವಾಳದ ಗೂಡಿಗೆ ಹೊಡೆದರು. ಕೆಲವು ವಾರಗಳ ಮೇಲೆ ಒಂದು ಮುಸ್ಸಂಜೆ, ಯಂತ್ರದ ಮನೆಯ ಕಿಟಕಿಯಿಂದ ಬಿಳಿಯ ಗೂಬೆಮರಿಗಳು ಒಂದೊಂದಾಗಿ ಹೊರಬಂದವು. ನಮ್ಮ ತಲೆಯ ಮೇಲೇ ಹಾದುಹೋದವು, ರೆಕ್ಕೆಯ ಸದ್ದೇ ಇಲ್ಲ. ಮಾವ ಎರಡೂ ಕೈ ಜೋಡಿಸಿದರು. ಮುಗಿದರೋ, ಸೊಳ್ಳೆ ಹೊಡೆದರೋ... ನಾನು ಕೇಳಲಿಲ್ಲ.

ಈಗ ಮಾವನೂ ಇಲ್ಲ, ಅತ್ತೆಯೂ ಇಲ್ಲ. ನಿನ್ನೆ ಬಂಗಾರಪೇಟೆಯಿಂದ ಬಸ್ಸು ಹತ್ತಿ ಹೋಗಿ ನೋಡಿದೆ. ಯಂತ್ರದ ಮನೆಯ ಮಾಡು ಕುಸಿದಿದೆ. ಗೋಡೆಯ ಬುಡದಲ್ಲೆಲ್ಲ ಬಗ್ಗಿ ಹುಡುಕಿದೆ. ಒಂದು ಉಂಡೆಯೂ ಇರಲಿಲ್ಲ. ಇದ್ದಿದ್ದರೂ, ಯಾರ ಜಗಲಿಗೆ ಒಯ್ಯುತ್ತಿದ್ದೆ?