ಎರಡು ಮೂತಿಯ ಹೂಜಿ

ಬೆಳಗಾದರೆ ಕುಂಬಾರಗಿತ್ತಿಯ ಬೈಗುಳ ಕೇಳಿಯೇ ಬೀದಿ ಏಳುತ್ತದೆ ಎಂದು ಅವಳ ಗಂಡ ನೆಂಟರೆದುರು ನಗೆಯಾಡುತ್ತಿದ್ದ. ಆದರೂ ತರಬೇತಿ ಶುರುವಾಗುವ ತನಕ ಆ ಬೈಗುಳಕ್ಕೊಂದು ಮಿತಿಯಿತ್ತು.

ಎರಡು ಮೂತಿಯ ಹೂಜಿ ಮಾಡಬಲ್ಲವರು ಆ ಸೀಮೆಯಲ್ಲಿ ಅವಳೊಬ್ಬಳೇ ಉಳಿದಿದ್ದಳು. ಒಂದು ಮೂತಿಯಿಂದ ನೀರು ಬಗ್ಗಿಸುತ್ತಿದ್ದಂತೆ ಇನ್ನೊಂದರಿಂದ ಗಾಳಿ ಒಳಸೇರಿ, ನೀರು ಗೊಳಗೊಳ ಎನ್ನದೆ ದಾರದಂತೆ ಇಳಿಯುತ್ತಿತ್ತು. ಅತ್ತೆ ಕಲಿಸಿದ ವಿದ್ಯೆ. ಕಲಿಸಿದ್ದು ಎಂದರೆ, ಪಕ್ಕದಲ್ಲಿ ಕೂರಿಸಿಕೊಂಡು ತಪ್ಪಿದಾಗಲೆಲ್ಲ ಮೊಣಕೈಗೆ ಬಿಗಿಯುತ್ತಿದ್ದಳು, ಅಷ್ಟೇ.

"ಅಕ್ಕಾ, ಇದು ನಿನ್ನ ಜೊತೆಗೇ ಮಣ್ಣಾಗ್ಬಾರ್ದು," ಎಂದು ತಮ್ಮ ಪಟ್ಟು ಹಿಡಿದ. ತನ್ನ ಸೈಕಲ್ ಅಂಗಡಿಯ ಹಿಂದಿನ ಶೆಡ್ಡು ಬಿಟ್ಟುಕೊಟ್ಟು, ಕಲಿಯುವವರನ್ನೂ ಕಲೆಹಾಕಿದ.

ಬಂದವರಾದರೂ ಎಂಥವರು! ನಿವೃತ್ತ ಡ್ರಿಲ್ ಮೇಷ್ಟ್ರು ಮಣ್ಣನ್ನು ಹದ ಮಾಡುವ ಬದಲು ಶಿಕ್ಷಿಸುತ್ತಿದ್ದರು. ನರ್ಸಮ್ಮ ಕೈ ಕೆಸರಾದೊಡನೆ ಎದ್ದು ತೊಳೆದುಕೊಂಡು ಬರುತ್ತಿದ್ದಳು, ಮುಟ್ಟಿ ಮತ್ತೆ ಏಳುತ್ತಿದ್ದಳು. ಇವರನ್ನಾದರೂ ಸಹಿಸಬಹುದು. ಟೈಲರಮ್ಮ ಮಾತ್ರ ತಲೆ ತಿನ್ನುವುದಕ್ಕೇ ಹುಟ್ಟಿದವಳು.

"ಅಕ್ಕ, ಮೂತಿ ಅಂಟಿಸುವಾಗ ಒಳಗಡೆ ಬೆರಳು ಏನ್ಮಾಡುತ್ತೆ?"

"ಏನ್ಮಾಡ್ಬೇಕೋ ಅದನ್ನ ಮಾಡುತ್ತೆ."

"ಅಂದ್ರೆ ಒತ್ತುತ್ತೋ, ಎಳೆಯುತ್ತೋ?"

"ಅಯ್ಯೋ, ನನ್ನ ಬೆರಳನ್ನೇ ಕೇಳು ಹೋಗೇ!"

ಯಾರು ಅಂಟಿಸಿದರೂ ಎರಡನೆಯ ಮೂತಿ ಒಣಗುವಷ್ಟರಲ್ಲಿ ಬಾಯಿ ಬಿಡುತ್ತಿತ್ತು. ಹೇಳಿ ಹೇಳಿ ಅವಳ ಗಂಟಲು ಕಟ್ಟಿತು. "ಕೋಣನ ಮುಂದೆ ಕಿನ್ನರಿ ಬಾರಿಸಿದ್ರೆ ಅದಾದ್ರೂ ಕಿವಿ ಅಲ್ಲಾಡಿಸುತ್ತೆ," ಎಂದು ಮನೆಗೆ ಬಂದು ಗಂಡನ ಮೇಲೆ ಹರಿಹಾಯ್ದಳು. ಆತ ಪಾಪ, ಕಿವಿ ಅಲ್ಲಾಡಿಸುವ ಧೈರ್ಯವನ್ನೂ ಮಾಡಲಿಲ್ಲ.

ಒಂದು ಬೆಳಿಗ್ಗೆ ಶೆಡ್ಡಿಗೆ ಬಂದರೆ, ಹಿಂದಿನ ದಿನ ಅವಳೇ ಮಾಡಿಟ್ಟಿದ್ದ ಹಸಿ ಹೂಜಿ ಹಲಗೆಯ ಮೇಲೆ ಎರಡು ಹೋಳಾಗಿ ಮಲಗಿತ್ತು. ಟೈಲರಮ್ಮ ಕೈಯಲ್ಲಿ ಅದನ್ನು ಕೊಯ್ದ ನೂಲು ಹಿಡಿದು ಬಗ್ಗಿ ನೋಡುತ್ತಿದ್ದಳು.

ಕುಂಬಾರಗಿತ್ತಿಗೆ ಸಿಟ್ಟು ನೆತ್ತಿಗೇರಿತು. "ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅಂತಾರೆ. ನಿಂಗೆ ದೊಣ್ಣೆನೂ ಬೇಡ್ವಲ್ಲೇ ಮಾರಾಯ್ತಿ! ಎದ್ದು ನಡಿ!"

"ಬೈಯಿರಿ ಅಕ್ಕ, ಬೈಸ್ಕೋತೀನಿ. ಆದ್ರೆ ರವಿಕೆ ಬಿಚ್ಚಿ ನೋಡಿದ್ರೇನೇ ಅದರ ಹೊಲಿಗೆ ಗೊತ್ತಾಗೋದು. ಒಂದ್ಸಲ ಇಲ್ಲಿ ನೋಡಿ."

ಬೈಯುತ್ತಲೇ ಅವಳು ಬಗ್ಗಿದಳು. ಮೂತಿ ಕೂಡುವಲ್ಲಿ ಹೆಬ್ಬೆರಳು ಒಳಗೋಡೆಯ ಮಣ್ಣನ್ನು ಉಜ್ಜಿ ಮೇಲೆತ್ತಿ, ಮೂತಿಯೊಳಕ್ಕೆ ಮಡಚಿತ್ತು. ಸುತ್ತಲೂ ಬೆರಳಿನ ಗುರುತು ಎಸಳೆಸಳಾಗಿ ಮೂಡಿತ್ತು. ಒಡೆದ ಹೂಜಿಗಳನ್ನು ಗುಡಿಸಿ ಎಸೆದಿದ್ದಳೇ ಹೊರತು ಅವುಗಳ ಒಡಲನ್ನು ಅವಳು ಹೀಗೆ ಕೂತು ನೋಡಿರಲಿಲ್ಲ.

"ನಾನು ಹೀಗ್ ಮಾಡ್ತೀನಾ?" ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಮಾಡೋದು ಹೀಗೆ. ಹೇಳೋದು ಮಾತ್ರ 'ನೆಟ್ಟಗೆ ಒತ್ತು' ಅಂತ."

ಅವಳಿಗೆ ಈಗ ಅತ್ತೆಯ ಮೇಲೂ ಕೋಪ ಬಂತು. "ಆ ಮುದುಕಿನೂ ಅದನ್ನೇ ಹೇಳ್ತಿದ್ಲು ಕಣೇ. ಅವಳಿಗೂ ಗೊತ್ತಿರ್ಲಿಲ್ಲ!"

ಅಂದಿನಿಂದ ಪಾಠಕ್ಕೊಂದರಂತೆ ಒಳ್ಳೆಯ ಹೂಜಿಯನ್ನು ತಾನೇ ಮಾಡಿ, ಹೊಟ್ಟೆ ಉರಿಸಿಕೊಂಡು, ತಾನೇ ಸೀಳಿ ತೋರಿಸತೊಡಗಿದಳು. ಮೇಷ್ಟ್ರಿಗೆ ಕೊನೆಗೂ ಹೂಜಿ ಒಲಿಯಲಿಲ್ಲ. ನರ್ಸಮ್ಮ ಕೈ ತೊಳೆಯುವುದು ಕಡಿಮೆ ಮಾಡಿದಳು, ಅವಳ ಮೂತಿಗಳೂ ಬಿಡದೆ ನಿಂತವು. ಟೈಲರಮ್ಮನ ಮೊದಲ ಹೂಜಿ ಆವಿಗೆಯಲ್ಲಿ ಸುಟ್ಟು ಹೊರಬಂದಾಗ ಸೊಟ್ಟಗಿತ್ತು. ಆದರೆ ತೊಟ್ಟೂ ಸೋರಲಿಲ್ಲ, ನೀರು ದಾರದಂತೆಯೇ ಇಳಿಯಿತು. ಕುಂಬಾರಗಿತ್ತಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಕುಡುಕನ ಹಾಗೆ ನಿಂತಿದೆ," ಎಂದು ಮನೆಗೆ ಒಯ್ದು ಕಿಟಕಿಯಲ್ಲಿಟ್ಟಳು.

ಮುಂದಿನ ತಂಡಕ್ಕೆ ಟೈಲರಮ್ಮನೇ ಕಲಿಸಿದಳು. ಮೂತಿ ಕೂಡುವ ಜಾಗಕ್ಕೆ ಅವಳು 'ಹೊಲಿಗೆ' ಎಂದೇ ಹೆಸರಿಟ್ಟಳು. "ಮಣ್ಣಿಗೆಂಥ ಹೊಲಿಗೆಯೇ!" ಎಂದು ಕುಂಬಾರಗಿತ್ತಿ ಬಾಗಿಲಿಂದಲೇ ಅರಚುತ್ತಾಳೆ. ಅವಳಿದ್ದಾಗ ಕಲಿಯುವವರು ಆ ಹೆಸರನ್ನು ಪಿಸುಗುಟ್ಟುತ್ತಾರೆ, ಅಷ್ಟೇ.