ಅಂದು ನಾನು ಏರಿಸದ ಕೆಂಪು ಸೆರಗು

ಶಿವಪ್ಪ, ನಿನ್ನ ಗಾಳಿಯಂತ್ರದ ರೆಕ್ಕೆ ಮುರಿಯಲು ಕಾರಣ ನಾನು, ನಿನ್ನ ಅಣ್ಣನ ಹೆಂಡತಿ. ಇಷ್ಟು ವರ್ಷ ಇದನ್ನು ನುಂಗಿಕೊಂಡು ಕೂತಿದ್ದೆ — ಇನ್ನು ಸಾಕು.

ಎಂಬತ್ತರ ದಶಕದ ಶುರುವಿನಲ್ಲಿ ಕೃಷ್ಣೆಯ ನಡುವಿನ ನಮ್ಮ ನಡುಗಡ್ಡೆಗೆ ಕರೆಂಟಿನ ಕಂಬ ಬಂದಿರಲಿಲ್ಲ. ಗಿರಣಿಗೂ ದೀಪಕ್ಕೂ ಒಂದೇ ಡೀಸೆಲ್ ಇಂಜಿನ್. ಡೀಸೆಲ್ ಹುನಗುಂದದಿಂದ ತರಬೇಕು. ಹೊಳೆ ತುಂಬಿದರೆ ದೋಣಿಯೇ ಇಲ್ಲ. ನೀನು ಗಾಳಿಯಂತ್ರ ನೆಟ್ಟು, ಬ್ಯಾಟರಿ ಜೋಡಿಸಿ, ಮನೆಮನೆಗೆ ದೀಪ ಕೊಟ್ಟೆ. ಬ್ಯಾಟರಿ ತುಂಬಿದ ಮೇಲೆ ಹೆಚ್ಚಾದ ಕರೆಂಟು ಗಿರಣಿಯ ಮೋಟರಿಗೆ. ಗಾಳಿ ಜೋರಾದಾಗ ನಾನು ಹಳೆಯ ಇಳಕಲ್ ಸೀರೆಯ ಕೆಂಪು ಸೆರಗನ್ನು ಕೋಲಿಗೆ ಏರಿಸುತ್ತಿದ್ದೆ. ಅದನ್ನು ಕಂಡು ಹೆಂಗಸರು ಜೋಳ ಹೊತ್ತು ಬರುತ್ತಿದ್ದರು. ಗಾಳಿ ಬಿದ್ದರೆ ಬೀಸುವುದು ನಾಳೆಗೆ. ಗಾಳಿಗೆ ತಕ್ಕಂತೆ ಊರಿನ ಕೆಲಸ ಹೊಂದಿಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ — ಈಗಲೂ ಎದೆ ತಟ್ಟಿ ಹೇಳುತ್ತೇನೆ.

ನೀನು ಒಂದೇ ಎಚ್ಚರಿಕೆ ಹೇಳಿದ್ದೆ: "ವೈನಿ, ಗಾಳಿ ಜೋರಿದ್ದಾಗ ಇದನ್ನ ಖಾಲಿ ತಿರಗಾಕ ಬಿಡಬ್ಯಾಡ್ರಿ. ಕೆಲಸ ಇಲ್ಲಂದ್ರ ತನ್ನ ರೆಕ್ಕಿ ತಾನ ಮುರಕೋತೈತಿ."

ಒಂದು ವರ್ಷ ನಾಗರ ಪಂಚಮಿಗೆ ತವರು ಕೆರೂರಿನಿಂದ ನನ್ನ ಅಣ್ಣ ಕರೆಯಲು ಬಂದ. ಹೊಳೆ ಏರುತ್ತಿತ್ತು, ಆ ದಿನದ ದೋಣಿ ತಪ್ಪಿದರೆ ತವರಿನ ಜೋಕಾಲಿ ಆ ವರ್ಷ ಇಲ್ಲ. ನೀನು ಊರಲ್ಲಿರಲಿಲ್ಲ. ಮಾವ ಒಪ್ಪಲಿಲ್ಲ. "ಗಾಳಿ ಭಾಳ ಐತಿ. ನೀ ಹೋದ್ರ ಗಿರಣಿ ಯಾರು ನೋಡ್ತಾರವ್ವಾ? ಮುಂದಿನ ವರ್ಷ ಹೋಗುವಂತಿ" ಎಂದರು.

ಮೈಯೆಲ್ಲ ಉರಿಯಿತು. ಯಂತ್ರವೇ ಕೆಟ್ಟರೆ ನನ್ನನ್ನು ಹಿಡಿದಿಡುವ ಕೆಲಸವೇ ಇರುವುದಿಲ್ಲವಲ್ಲ... ಸೆರಗನ್ನು ಮಡಚಿ ಅದರ ಮೇಲೆ ಕುಳಿತೆ — ಹೌದು, ನಿಜವಾಗಿಯೂ ಕುಳಿತೆ. ಯಾರೂ ಜೋಳ ತರಲಿಲ್ಲ. ಯಂತ್ರದ ಸದ್ದು ಏರುತ್ತ ಹೋಯಿತು. ಅದರ ಅರ್ಥ ನನಗೆ ಗೊತ್ತಿತ್ತು. ಎದ್ದಿದ್ದರೆ ಸಾಕಿತ್ತು — ಏಳಲಿಲ್ಲ. ರೆಕ್ಕೆ ಮುರಿದು ಹೊಲಕ್ಕೆ ಬಿತ್ತು.

ಮಧ್ಯಾಹ್ನದ ದೋಣಿಗೆ ತವರಿಗೆ ಹೋದೆ. ಜೋಕಾಲಿ ಆಡಿದೆ, ಉಂಡಿ ತಿಂದೆ, ಖುಷಿಯಾಗಿಯೇ ಇದ್ದೆ. ಅದೇ ಈಗ ಹೆಚ್ಚು ಚುಚ್ಚುತ್ತದೆ.

ಇಲ್ಲಿ ಮತ್ತೆ ಹಳೆಯ ಇಂಜಿನ್ ಹಚ್ಚಿದರು, ಇದ್ದ ಡೀಸೆಲ್ ತೀರಿತು. ಹೊಳೆ ಇಳಿಯುವವರೆಗೆ ಊರು ಕತ್ತಲಲ್ಲಿ, ಹೆಂಗಸರು ಬೀಸುಕಲ್ಲಿನ ಮುಂದೆ. ನಾನು ಮರಳಿದಾಗ ಎಲ್ಲರೂ ನಿನ್ನನ್ನೇ ಬೈಯುತ್ತಿದ್ದರು. "ಗಾಳಿ ನಂಬಿ ಊರ ಕತ್ತಲದಾಗ ಕೆಡವಿದಿ" ಎಂದರು ಮಾವ. ನೀನು ನನ್ನ ಕಡೆ ತಿರುಗಿದೆ: "ವೈನಿ, ಅವತ್ತ ಸೆರಗ ಏರಿಸಿದ್ರಿ, ಹೌದಿಲ್ರಿ?"

"ಏರಿಸಿದ್ನಪಾ" ಎಂದೆ.

ನೀನು ನಂಬಿದೆ. ನಿನ್ನ ಕೆಲಸದಲ್ಲೇ ಏನೋ ತಪ್ಪಿರಬೇಕೆಂದುಕೊಂಡೆ. ಉಳಿದ ನಡುಗಡ್ಡೆಗಳಿಗೂ ಇಂಥದ್ದು ಮಾಡಬೇಕೆಂದಿದ್ದವನು ಯಂತ್ರ ಬಿಚ್ಚಿ ಗುಜರಿಗೆ ಹಾಕಿ, ಇಳಕಲ್ಲಿಗೆ ಹೋಗಿ ಪಂಪು ರಿಪೇರಿಗೆ ಕುಳಿತೆ. ಮತ್ತೆ ಗಾಳಿಯ ಮಾತೇ ಎತ್ತಲಿಲ್ಲ.

ಪ್ರತಿ ಪಂಚಮಿಗೆ ನೀನು ಬಂದಾಗ ಹುಡುಗರು ಆ ಯಂತ್ರದ ಕತೆ ಕೇಳಿ ನಗುತ್ತಾರೆ. ನೀನೂ ತಲೆ ತಗ್ಗಿಸಿ ನಗುತ್ತೀ. ಈ ಸಲ ಹಾಗಾಗಲು ಬಿಡುವುದಿಲ್ಲ. ಎಲ್ಲರ ಮುಂದೆ ಹೇಳುತ್ತೇನೆ. ಆಮೇಲೆ ನನ್ನನ್ನು ವೈನಿ ಎಂದು ಕರೆಯುವುದೂ ಬಿಡುವುದೂ ನಿನಗೆ ಸೇರಿದ್ದು. ನಿನ್ನ ಯಂತ್ರ ಸರಿಯಿತ್ತು, ಶಿವಪ್ಪ. ಸೆರಗು ನನ್ನ ಕೆಳಗಿತ್ತು.